ಗಂಟಿಲ್ಲದ ಕಸೂತಿ: ಮೊದಲ ಗವಂತಿ ಗೆರೆ ಹಾಕುವುದು ಹೀಗೆ

ಕಸೂತಿ ಕಾರ್ಯಾಗಾರಕ್ಕೆ ಬಂದವರು ಬಟ್ಟೆ ತೋರಿಸಿದರೆ ನಾನು ಮೊದಲು ಅದನ್ನು ತಿರುವಿ ನೋಡುತ್ತೇನೆ. ಮುಂಬದಿಯಲ್ಲಿ ಗೋಪುರದ ಚಿತ್ತಾರ ಚೆಂದವೇ ಇರುತ್ತದೆ. ಹಿಂದೆ ಗಂಟು, ಅಡ್ಡಾದಿಡ್ಡಿ ಓಡಿದ ದಾರ, ಬೆಕ್ಕು ಆಡಿ ಬಿಟ್ಟ ನೂಲಿನುಂಡೆ. ಧಾರವಾಡ ಸೀಮೆಯ ಈ ಕೆಲಸದಲ್ಲಿ ಹೊಲಿಗೆ ನಾಲ್ಕು ಬಗೆ. ಅದರಲ್ಲಿ ಗೆರೆ ಎಳೆದಂತೆ ಕಾಣುವ ಗವಂತಿ, ಮೆಟ್ಟಿಲಿನಂಥ ಮುರ್ಗಿ ಎರಡಕ್ಕೂ ಒಳಮೈ ಹೊರಮೈ ಭೇದವಿಲ್ಲ. ಇಳಕಲ್ ಸೀರೆಯ ಸೆರಗು ಗಾಳಿಗೆ ಮಗುಚಿದರೂ ಅದೇ ಚಿತ್ತಾರ ಕಾಣಬೇಕು. ಉಳಿದೆರಡು, ಅಂದರೆ ನೇಯ್ಗೆಯ ಹಾಗೆ ಕಾಣುವ ನೇಗಿ ಮತ್ತು ಗುಣಿಸುವ ಗುರುತಿನಂಥ ಕತ್ತರಿ ಹೊಲಿಗೆಯ ಮೆಂತಿ, ಮೊದಲ ದಿನಕ್ಕೆ ಬೇಡ. ಎರಡೇ ಗಂಟೆಯಲ್ಲಿ ಆನೆ ಅಂಬಾರಿ ಕಲಿಸುತ್ತೇವೆ ಎನ್ನುವವರ ಕಡೆಗೂ ಹೋಗಬೇಡಿ.

1. ಸಾಮಾನು

ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ತಿಳಿಬಣ್ಣದ್ದು, ಒಂದು ಗೇಣು, ಆರೆಳೆಯ ಹತ್ತಿ ದಾರದ ಒಂದು ಲಡಿ, ಮೊಂಡು ಮೂತಿಯ ಸೂಜಿ. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಸೀಳುತ್ತದೆ, ಎಣಿಕೆ ಅಲ್ಲಿಗೇ ಕೆಟ್ಟಿತು. ದಾರವನ್ನು ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ಕತ್ತರಿಸಿ, ಆರರಲ್ಲಿ ಎರಡೇ ಎಳೆ ಬಿಡಿಸಿಕೊಳ್ಳಿ. ಪದೇ ಪದೇ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ದಾರ ತೆಗೆದವರು ಆಮೇಲೆ ಸಿಕ್ಕು ಬಿಡಿಸುತ್ತಾ ಕೂರುತ್ತಾರೆ. ಅಗ್ಗದ ಕೆಂಪು ದಾರ ತಂದಿದ್ದರೆ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂಡಿ ನೋಡಿ. ಬಣ್ಣ ಬಿಟ್ಟರೆ ಕಸದ ಬುಟ್ಟಿಗೆ.

2. ಶುರು

ಗಂಟು ಹಾಕಬೇಡಿ. ನಾಲ್ಕು ಬೆರಳಗಲ ಬಾಲ ಹಿಂದೆ ಬಿಟ್ಟು ಸೂಜಿ ಮೇಲೆತ್ತಿ.

3. ಹೋಗುವುದು, ಬರುವುದು

ಎಲ್ಲರೂ ಎಡವುವುದು ಇಲ್ಲಿ. ಬಟ್ಟೆಯ ನಾಲ್ಕು ಎಳೆ ಎಣಿಸಿ ಸೂಜಿ ಇಳಿಸಿ. ಅಡಿಯಲ್ಲಿ ಮತ್ತೆ ನಾಲ್ಕು ಎಳೆ ದಾಟಿಸಿ ಮೇಲೆತ್ತಿ. ನಾಲ್ಕು ಎಳೆಗೆ ಒಂದು ಮನೆ; ಹೀಗೆ ಎಂಟು ಮನೆ ಹೋಗಿ. ಈಗ ಕಾಣುವುದು ಒಂದು ಗೆರೆ, ಒಂದು ಖಾಲಿ, ಒಂದು ಗೆರೆ, ಒಂದು ಖಾಲಿ. ಗಾಬರಿ ಬೇಡ, ಕೆಲಸ ಅರ್ಧ ಮಾತ್ರ ಆಗಿದೆ. ಎಂಟನೇ ಮನೆ ಮುಗಿದಾಗ ಸೂಜಿ ಮೇಲಿರುತ್ತದೆ. ಅಲ್ಲಿಂದ ಬಂದ ದಾರಿಯಲ್ಲೇ, ಅವೇ ತೂತುಗಳಲ್ಲಿ ವಾಪಸ್ ಬನ್ನಿ. ಮುಂದೆ ಖಾಲಿ ಇದ್ದದ್ದು ತುಂಬುತ್ತದೆ, ಹಿಂದೆ ಖಾಲಿ ಇದ್ದದ್ದೂ ತುಂಬುತ್ತದೆ.

ಬರುವಾಗ ಸೂಜಿ ಹಳೆಯ ದಾರದ ಎಳೆಯನ್ನು ಚುಚ್ಚಕೂಡದು. ತೂತು ಒಂದೇ, ದಾರ ಬೇರೆ. ಇನ್ನೊಂದು ಮಾತು, ಇದನ್ನು ಬಹಳ ಕಡೆ ಹೇಳಿಕೊಡುವುದಿಲ್ಲ. ಪ್ರತಿ ತೂತಿನಲ್ಲೂ ಹಳೆಯ ದಾರದ ಮೇಲ್ಬದಿಯಿಂದ ಎದ್ದು, ಮುಂದಿನ ತೂತಿನಲ್ಲಿ ಕೆಳಬದಿಗೆ ಇಳಿಯಿರಿ. ಒಮ್ಮೆ ಹೀಗೆ ಒಮ್ಮೆ ಹಾಗೆ ಮಾಡಿದರೆ ಗೆರೆ ಹಲ್ಲುಹಲ್ಲಾಗುತ್ತದೆ.

ಮುರ್ಗಿಯೂ ಇದೇ, ಮೆಟ್ಟಿಲಿನ ಆಕಾರ ಅಷ್ಟೆ. ಹೋಗುವಾಗ ಮಲಗಿದ ಗೆರೆಗಳು ಮಾತ್ರ ಬೀಳುತ್ತವೆ, ಗೋಡೆಯಿಲ್ಲದೆ ಗಾಳಿಯಲ್ಲಿ ನಿಂತ ಮೆಟ್ಟಿಲುಗಳಂತೆ. ನಿಂತ ಗೆರೆಗಳು ಬರುವಾಗ ಬೀಳುತ್ತವೆ. ಕಳೆದ ವರ್ಷ ಒಬ್ಬರು ಅರ್ಧಕ್ಕೇ ‘ತಪ್ಪಾಯ್ತು ಮೇಡಂ’ ಅಂತ ಎಲ್ಲ ಬಿಚ್ಚಿಬಿಟ್ಟರು. ಒಂದು ತಪ್ಪೂ ಇರಲಿಲ್ಲ, ವಾಪಸ್ ಬರುವುದೊಂದೇ ಬಾಕಿ ಇತ್ತು.

ಗೆರೆಯಿಂದ ಕೊಂಬೆ ಒಡೆದರೆ? ಗೋಪುರದ ಕಳಸ, ತುಳಸಿಯ ಎಲೆ ಎಲ್ಲ ಹಾಗೆ ಬರುವವೇ. ಹೋಗುವಾಗಲೇ ಕೊಂಬೆಯ ತುದಿಗೆ ಹೋಗಿ, ವಾಪಸ್ ಕಾಂಡಕ್ಕೆ ಬಂದು, ಆಮೇಲೆ ಮುಂದೆ ನಡೆಯಿರಿ. ‘ಆಮೇಲೆ ಮಾಡಿದರಾಯ್ತು’ ಎಂದು ಬಿಟ್ಟ ಕೊಂಬೆಗೆ ಹಿಂದೆ ದಾರ ಹಾರಿಸಬೇಕಾಗುತ್ತದೆ. ಆ ಹಾರಿದ ದಾರವೇ ನಾನು ತಿರುವಿ ಹುಡುಕುವುದು. ಅದಕ್ಕೇ ಚಿತ್ತಾರವನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬರೆದು, ದಾರಿಯನ್ನು ಬೆರಳಿನಿಂದ ಒಮ್ಮೆ ನಡೆದು ನೋಡಿ.

ಕಾರ್ಬನ್ ಹಾಳೆಯಿಂದ ಅಚ್ಚು ಹಾಕಿಕೊಡುವ ತರಗತಿಯೊಂದಕ್ಕೆ ನಾನೂ ದುಡ್ಡು ಕಟ್ಟಿ ಹೋಗಿದ್ದೆ. ಅಚ್ಚಿನ ಗೆರೆಗೂ ಬಟ್ಟೆಯ ಎಳೆಗೂ ತಾಳವೇ ಕೂಡಲಿಲ್ಲ, ನೀಲಿ ಕಲೆ ಮೂರು ಸಲ ಒಗೆದರೂ ಹೋಗಲಿಲ್ಲ. ಕಸೂತಿಗೆ ಅಚ್ಚು ಬೇಡ, ಎಣಿಕೆ ಬೇಕು. ಎಳೆ ಎಣಿಸಲಾಗದ ನಯವಾದ ರೇಷ್ಮೆಗೆ ಮಾತ್ರ ಮೇಲೊಂದು ಜಾಲಿ ಬಟ್ಟೆ ಟಾಕಿ, ಅದರ ಕಣ್ಣು ಎಣಿಸಿ ಹೊಲಿದು, ಕೊನೆಗೆ ಜಾಲಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದನ್ನು ನಾನು ಒಪ್ಪುತ್ತೇನೆ. ಸೂಜಿ ಜಾಲಿಯ ಎಳೆಯನ್ನು ಚುಚ್ಚಿದ್ದರೆ ಅದು ಬರುವುದಿಲ್ಲ, ಕಣ್ಣೀರು ಬರುತ್ತದೆ.

ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆ ಹಿಡಿದೇ ತೀರುತ್ತೇನೆ ಎನ್ನುವ ಹಟವಿದ್ದರೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ. ತೂತುಗಳು ಬೆಳ್ಳಗೆ ಮಿನುಗುತ್ತವೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಮಾತ್ರ ಬೇಡ.

4. ಮುಗಿತಾಯ

ಶುರುವಿನ ಬಾಲ, ಕೊನೆಯ ಬಾಲ ಎರಡನ್ನೂ ಹಿಂದಿನ ನಾಲ್ಕೈದು ಹೊಲಿಗೆಗಳ ಕೆಳಗೆ ತೂರಿಸಿ ಕತ್ತರಿಸಿ. ದಪ್ಪ ಟವೆಲಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿ.

ಮುಂದಿನ ಭಾನುವಾರ ಬರುವಾಗ ಆ ತುಂಡನ್ನು ತನ್ನಿ. ಯಾವ ಬದಿ ಮುಂದಿನದು ಅಂತ ನಾನೇ ನಿಮ್ಮನ್ನು ಕೇಳುವ ಹಾಗಿರಲಿ.