ಸುಣ್ಣದ ಲೆಕ್ಕದಿಂದ ಶುರುವಾದ ಹಡಗು

ಬಾಹ್ಯಾಕಾಶದ ಕರಾಳ ಕಥೆ ಅಂದರೆ ಲೈಟು ಕಮ್ಮಿ ಮಾಡಿ, ಎಲ್ಲರೂ ಹುಬ್ಬು ಗಂಟಿಕ್ಕಿ ಮಾತಾಡುವುದು ಎಂಬಂತಿತ್ತು ನಮ್ಮ ಆರು ಕಂತಿನ ಕನ್ನಡ ಸರಣಿಯ ಮೊದಲ ಸ್ಕ್ರಿಪ್ಟು. ಅದನ್ನು ಎತ್ತಿಟ್ಟು, ದಾವಣಗೆರೆಯ ದಲ್ಲಾಳಿ ಅಂಗಡಿಯ ಕಿರ್ದಿ ಪುಸ್ತಕದ ಹಾಗೆ ಒಂದು ಲೆಕ್ಕ ಬರೆದೆವು. ಜಮೆಯಲ್ಲಿ ಗಾಳಿ, ನೀರು, ಊಟ, ಸುಣ್ಣ. ಖರ್ಚಿನಲ್ಲಿ ಗಗನನೌಕೆಯ 24 ಜನ. ಜಗಳಗಳೆಲ್ಲ ಆ ಪುಸ್ತಕದಿಂದಲೇ ಹುಟ್ಟಿದವು.

ಒಬ್ಬ ಮನುಷ್ಯ ದಿನಕ್ಕೆ ಸುಮಾರು 0.84 ಕೆಜಿ ಆಮ್ಲಜನಕ ಎಳೆದುಕೊಂಡು ಹತ್ತಿರ ಹತ್ತಿರ 1 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹಡಗಿನೊಳಗೆ 900 ಘನ ಮೀಟರ್ ಗಾಳಿ ಇದೆ ಎಂದು ಹಿಡಿದರೆ, 24 ಜನರ ಉಸಿರಿನಿಂದ ದಿನಕ್ಕೆ 13 ಘನ ಮೀಟರ್ ಕೆಟ್ಟ ಗಾಳಿ ಸೇರುತ್ತದೆ, ಅಂದರೆ 1.4%. ಆ ಕೆಟ್ಟ ಗಾಳಿಯನ್ನು ಹೀರುವ ಶೋಧಕ ಯಂತ್ರ ನಿಂತು 17 ಗಂಟೆ ಕಳೆದರೆ 1%, ಮೂರನೇ ದಿನ ಮುಗಿಯುವ ಮೊದಲೇ 4%. ಆ ಹೊತ್ತಿಗೆ ಏದುಸಿರು, ತಲೆನೋವು, ಬುದ್ಧಿ ಮಂಕು. ಆಮ್ಲಜನಕ ಆಗಲೂ ಸುಮಾರು 16% ಉಳಿದಿರುತ್ತದೆ. ಹೊಸಬರು ಬರೆಯುವ ಕಥೆಗಳು ಎಡವುವುದು ಇಲ್ಲೇ: ‘ಆಮ್ಲಜನಕ ಮುಗೀತು’ ಅಂತ ಕೂಗಿಸುತ್ತಾರೆ. ಮೊದಲು ಕೊಲ್ಲುವುದು ನಾವೇ ಬಿಟ್ಟ ಉಸಿರು.

2009ರಲ್ಲಿ ಶುರುವಾದ ಇಂಗ್ಲಿಷ್ ಟಿವಿ ಸರಣಿ ‘ಸ್ಟಾರ್‌ಗೇಟ್ ಯೂನಿವರ್ಸ್’ ಇದನ್ನು ಸರಿಯಾಗಿ ಹಿಡಿದಿತ್ತು. ಅದರ ಮೊದಲ ಕಂತುಗಳಲ್ಲಿ ಜನ ಹುಡುಕಿಕೊಂಡು ಹೋಗುವುದು ಶತ್ರುವನ್ನಲ್ಲ, ಕೆಟ್ಟ ಗಾಳಿ ಹೀರುವ ಸುಣ್ಣವನ್ನು. ನಾವು ಆ ದಾರಿಯನ್ನೇ ಇನ್ನಷ್ಟು ಮುಂದಕ್ಕೆ ಎಳೆದೆವು. ದಿನದ 24 ಕೆಜಿ ಇಂಗಾಲದ ಡೈಆಕ್ಸೈಡ್ ಹೀರಲು ಕಾಗದದ ಲೆಕ್ಕಕ್ಕೆ 40 ಕೆಜಿ ಅರಳಿಸಿದ ಸುಣ್ಣ ಸಾಕು. ಆದರೆ ಹರಳಿನ ಮೇಲ್ಮೈ ಗಟ್ಟಿಯಾಗಿ ಒಳಗಿನ ಸುಣ್ಣ ಹಾಗೇ ಉಳಿಯುತ್ತದೆ, ಅದಕ್ಕೆ 60 ಹಿಡಿದೆವು. ಇನ್ನೊಂದು ತೊಡಕು: ಒಣ ಸುಣ್ಣ ಕೆಲಸ ಮಾಡುವುದಿಲ್ಲ. 15% ಪಸೆ ಬೇಕು, ಅಂದರೆ 9 ಲೀಟರ್ ನೀರು. ತಲೆಗೆ 2 ಲೀಟರ್ ಪಡಿ ಇರುವ ಹಡಗಿನಲ್ಲಿ ಅದು ಕುಡಿಯುವ ನೀರಿನ ಐದರಲ್ಲೊಂದು ಪಾಲು!

ಗಾಳಿ ನೋಡಿಕೊಳ್ಳುವ ಹುಡುಗಿ ಕೇಳುತ್ತಾಳೆ: ಸುಣ್ಣ ಗಾಳಿ ಹೀರಿದಾಗ ಅಷ್ಟೇ ನೀರು ಹೊರಗೆ ಬಿಡುತ್ತದೆ, ಕೊಟ್ಟದ್ದು ವಾಪಸ್ ಬರುತ್ತದೆ, ಹೆದರಿಕೆ ಯಾಕೆ? ರಸಾಯನಶಾಸ್ತ್ರದ ಲೆಕ್ಕಕ್ಕೆ 9.8 ಲೀಟರ್, ಅವಳ ಮಾತು ಸರಿ. ಉಗ್ರಾಣದವನದೂ ಸರಿ: ಆ ನೀರು ಬರುವುದು ಆವಿಯಾಗಿ, ಅದನ್ನು ತಣಿಸಿ ಹಿಡಿಯುವ ಸುರುಳಿಗೆ ಕರೆಂಟು ಬೇಕು, ಅದಕ್ಕೆ ಕರೆಂಟು ಕೊಟ್ಟರೆ ಹೀಟರಿಗೆ ಸಾಲದೆ ಮಲಗುವ ಕೋಣೆ ತಣ್ಣಗಾಗುತ್ತದೆ. ಖಳನೇ ಇಲ್ಲದೆ ಎರಡು ಕಂತು ಇಷ್ಟರಲ್ಲೇ ನಡೆಯಿತು. ಇಬ್ಬರಲ್ಲಿ ಒಬ್ಬರದು ಬರೀ ಹಟ ಅನ್ನಿಸಿದ ದೃಶ್ಯವನ್ನೆಲ್ಲ ಹರಿದು ಹಾಕಿದ್ದೇವೆ.

ಸಂಭಾಷಣೆಯಲ್ಲಿ ‘ಗಗನನೌಕೆ’ ಬಿಟ್ಟು ‘ಹಡಗು’ ಇಟ್ಟುಕೊಂಡೆವು. ಬಾಯಲ್ಲಿ ನಿಲ್ಲುವುದು ಅದೇ. ಇಂಗ್ಲಿಷ್ ಸರಣಿಗಳಲ್ಲಿ ಅಧಿಕಾರ ಮುರಿದದ್ದನ್ನು ತೋರಿಸಲು ಪಿಸ್ತೂಲು ತೆಗೆಯಬೇಕು. ಕನ್ನಡದಲ್ಲಿ ‘ನೀವು’ ಹೋಗಿ ‘ನೀನು’ ಬಂದರೆ ಸಾಕು. ಆರು ಕಂತಿನಲ್ಲಿ ಒಂದೇ ಸಲ ಬಳಸಿದ್ದೇವೆ. ‘ಹೇಳ್ರಿ ಸಾರ್’ ಅನ್ನುತ್ತಿದ್ದವನು ಐದನೆಯದರಲ್ಲಿ ‘ನೀ ಸುಮ್ನಿರು’ ಅನ್ನುತ್ತಾನೆ. ಎರಡು ಸಲ ಹಾಕಿದ್ದರೆ ಸವಕಲಾಗುತ್ತಿತ್ತು.

ಸೆಟ್ಟು ಹಾಕಿದ್ದು ಖಾಲಿ ಗೋಡೌನಿನಲ್ಲಿ. 24 ಅಡಿ ಉದ್ದ, 6 ಅಡಿ ಅಗಲ, ಏಳೂವರೆ ಅಡಿ ಎತ್ತರದ ಓಣಿ. ಪ್ರತಿ 4 ಅಡಿಗೊಂದರಂತೆ ಎಂಟು ಮೂಲೆಯ ಏಳು ಮರದ ಚೌಕಟ್ಟು, ನಡುವೆ 6 ಮಿ.ಮೀ. ಪ್ಲೈವುಡ್. ಒಂದು ಬದಿಯ ಹಲಗೆಗಳಿಗೆ ಮೊಳೆ ಬೇಡ, ಕ್ಲಾಂಪ್ ಹಾಕಿ. ಕ್ಯಾಮೆರಾ ಹಿಂದೆ ಸರಿಯಲು ಗೋಡೆ ಕಳಚಬೇಕಾಗುತ್ತದೆ. ಕೊನೆಯಲ್ಲಿ ಓಣಿಯನ್ನು ತಿರುವಿ ಮುಚ್ಚಿದರೆ 24 ಅಡಿ ನೂರು ಅಡಿಯಂತೆ ಕಾಣುತ್ತದೆ, ನೇರ ಬಿಟ್ಟರೆ ಗೋದಾಮಿನ ಶಟರ್ ಕಾಣುತ್ತದೆ. ಗೋಡೆಯ ಯಂತ್ರಗಳೆಲ್ಲ ಗುಜರಿ ಮಾಲು: 16 ಮಿ.ಮೀ. ಡ್ರಿಪ್ ಪೈಪು, ಹಳೆಯ ಡ್ರಿಪ್ ಫಿಲ್ಟರ್, ಪ್ರೆಶರ್ ಗೇಜು. ಅಡಿಕೆ ತೋಟದ ಸಾಮಾನಿಗೆ ಬೂದು ಬಣ್ಣ ಬಿದ್ದರೆ ಯಾರಿಗೂ ಗುರುತು ಸಿಗದು. ಥರ್ಮೊಕೋಲ್ ಮೇಲೆ ಸ್ಪ್ರೇ ಪೇಂಟ್ ನೇರ ಹೊಡೆದರೆ ಕರಗಿ ಗುಳಿ ಬೀಳುತ್ತದೆ. ಮೊದಲು ಫೆವಿಕಾಲ್‌ಗೆ ನೀರು ಬೆರೆಸಿ ಎರಡು ಕೈ ಬಳಿದು ಒಣಗಿಸಿ. ಎನಾಮಲ್ ಬೇಡ, ಹೊಳೆಯುತ್ತದೆ. ಮ್ಯಾಟ್ ಎಮಲ್ಷನ್ ಮೇಲೆ ತೆಳು ಕಪ್ಪು ಬಳಿದು, ಒಣಗುವ ಮುಂಚೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿದರೆ ಮೂವತ್ತು ವರ್ಷದ ಕೊಳೆ ತಯಾರು.

ಬೆಳಕಿಗೆ 12 ವೋಲ್ಟಿನ ಎಲ್‌ಇಡಿ ಪಟ್ಟಿ. ಮೀಟರಿಗೆ 14.4 ವ್ಯಾಟಿನದಾದರೆ 5 ಮೀಟರ್ ಸುರುಳಿಗೆ 72 ವ್ಯಾಟ್, 6 ಆಂಪಿಯರ್. ನಾಲ್ಕು ಸುರುಳಿಗೆ 24 ಆಂಪಿಯರ್, ಹಾಗಾಗಿ 33 ಆಂಪಿಯರಿನ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಡಬ್ಬಿ) ತಗೊಳ್ಳಿ. ಒಂದೇ ತುದಿಗೆ ವೈರು ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ, ಎರಡೂ ಕಡೆ ಕೊಡಿ. ಅಗ್ಗದ ಡಿಮ್ಮರ್ ಮುಟ್ಟಲೇಬೇಡಿ. ಕಣ್ಣಿಗೆ ಸರಿ ಕಂಡರೂ ಕ್ಯಾಮೆರಾದಲ್ಲಿ ಅಡ್ಡ ಪಟ್ಟೆ ಓಡುತ್ತವೆ. ನಮ್ಮ ಮೊದಲ ದಿನದ ಶೂಟಿಂಗ್ ಪೂರ್ತಿ ಹಾಗೇ ಹಾಳಾಯಿತು. ಬೆಳಕು ತಗ್ಗಿಸಲು ಬಟರ್ ಪೇಪರನ್ನು ಎರಡು ಮೂರು ಪದರ ಮಡಚಿ ಅಂಟಿಸಿದರೆ ಆಯಿತು. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಅದರ ಶಟರ್ 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟೂ ತೊಂದರೆ ಕೊಡುವುದಿಲ್ಲ.

ಅಪಾಯದ ದೃಶ್ಯಕ್ಕೆ ಕೆಂಪು ಲೈಟು ಗೋಡೆಗೆ ಮಾತ್ರ ಇರಲಿ. ಮುಖಕ್ಕೂ ಬಿಟ್ಟರೆ ಮೂಗು, ಕೆನ್ನೆ ಎಲ್ಲ ಸೇರಿ ಕುಂಕುಮ ಮೆತ್ತಿದಂತೆ ಚಪ್ಪಟೆ ಆಗುತ್ತದೆ. ಮುಖಕ್ಕೆ ಪಕ್ಕದಿಂದ ಸಣ್ಣ ಬಿಳಿ ಬೆಳಕು ಬೇಕು, ಕಣ್ಣಲ್ಲೊಂದು ಚುಕ್ಕೆ ಮಿನುಗಬೇಕು. ಕತ್ತಲು ಎಷ್ಟಿರಬೇಕು ಅನ್ನುವುದಕ್ಕೆ ಅಳತೆಗೋಲು ಮೊಬೈಲೇ: ಬ್ರೈಟ್‌ನೆಸ್ ಅರ್ಧಕ್ಕಿಟ್ಟು, ಹಗಲು ಹೊತ್ತು ಅಂಗಳದಲ್ಲಿ ನಿಂತು ನೋಡಿ. ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯದಿದ್ದರೆ ಇನ್ನೊಂದು ಪದರ ಬಟರ್ ಪೇಪರ್ ಕಿತ್ತುಬಿಡಿ.

ಬೇರೆ ಗ್ರಹಕ್ಕೆ ಚಿತ್ರದುರ್ಗದ ಬಂಡೆಗಳು ಸಾಕಷ್ಟಾದವು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಜೋಗಿಮಟ್ಟಿ ಕಾಡು ಅರಣ್ಯ ಇಲಾಖೆಯದು. ಅನುಮತಿ ಇಲ್ಲದೆ ಟ್ರೈಪಾಡ್ ಇಳಿಸಬೇಡಿ. ಮಾಲೀಕರ ಒಪ್ಪಿಗೆ ಸಿಕ್ಕ ಖಾಸಗಿ ಬಂಡೆ ಜಮೀನು ಸುಲಭ. ಮಳೆಗಾಲ ಕಳೆದ ಮೇಲೆ ಸೀತಾಫಲದ ಗಿಡ ಚಿಗುರಿ ಹಸಿರು ತುಂಬಿಕೊಂಡಿರುತ್ತದೆ, ಆದ್ದರಿಂದ ಏಪ್ರಿಲ್ ಒಳ್ಳೆಯದು. ಸೂರ್ಯ ಹುಟ್ಟಿದ ಮೊದಲ ಮುಕ್ಕಾಲು ಗಂಟೆ ನೆರಳು ಉದ್ದ ಇರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಫ್ರೇಮಿಗೆ ನುಸುಳುತ್ತವೆ. ತಿರುಗುವ ರೆಕ್ಕೆ ಅಳಿಸುವುದು ನಿಂತ ಕಂಬ ಅಳಿಸಿದಷ್ಟು ಸಲೀಸಲ್ಲ, ಕ್ಯಾಮೆರಾವನ್ನು ಕೆಳಗಿಳಿಸಿ ಬಂಡೆಯನ್ನೇ ಅಡ್ಡ ಮಾಡಿ.

ಹಡಗಿನ ಗುಂಯ್ ಸದ್ದು ಅಕ್ಕಿ ಗಿರಣಿಯ ಮೋಟರಿನದು. ಕಂಪನವನ್ನು ಸದ್ದಾಗಿ ಹಿಡಿಯುವ 27 ಮಿ.ಮೀ. ಪೀಜೊ ಬಿಲ್ಲೆಯನ್ನು ಗಿರಣಿಯ ಶಟರಿಗೆ ಟೇಪಿನಿಂದ ಅಂಟಿಸಿ ರೆಕಾರ್ಡ್ ಮಾಡಿ, ವೇಗ ಅರ್ಧಕ್ಕಿಳಿಸಿದೆವು. ಆ ಆಳದ ಸದ್ದು ಮೊಬೈಲ್ ಸ್ಪೀಕರಿನಲ್ಲಿ ಕೇಳುವುದಿಲ್ಲ, ಇಳಿಸದ ಮೂಲ ಸದ್ದನ್ನೂ ಸಣ್ಣಗೆ ಜೊತೆಗಿಡಿ. ಶೋಧಕ ನಿಂತ ದೃಶ್ಯದಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸಿ, ಆಮೇಲೆ 4 ಸೆಕೆಂಡು ಏನೂ ಹಾಕಬೇಡಿ.