ಎಸ್‌ಎಂಪಿಎಸ್ ಬೋರ್ಡಿನಲ್ಲಿ ಸುಟ್ಟುಹೋದ ಬಿಡಿಭಾಗದ ಮೌಲ್ಯವನ್ನು ಕಂಡುಕೊಳ್ಳುವ ಬಗೆ

ಕೊಡಗಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆ ಆರಂಭವಾಯಿತೆಂದರೆ ಗೋಣಿಕೊಪ್ಪಲಿನ ನನ್ನ ಮೇಜಿನ ಮೇಲೆ ತೋಟದ ಮನೆಗಳ ಸಿಸಿಟಿವಿ ಪವರ್ ಸಪ್ಲೈಗಳು, ಇನ್ವರ್ಟರ್‌ಗಳು ಮತ್ತು ಸೋಲಾರ್ ಬೇಲಿಯ ಚಾರ್ಜರ್‌ಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಇವುಗಳೊಳಗಿನ ಎಸ್‌ಎಂಪಿಎಸ್ (ವಿದ್ಯುತ್ತನ್ನು ವೇಗವಾಗಿ ಆನ್-ಆಫ್ ಮಾಡಿ ಬೇಕಾದ ವೋಲ್ಟೇಜಿಗೆ ತರುವ ಪವರ್ ಸಪ್ಲೈ) ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಸರ್ಕ್ಯೂಟ್ ನಕ್ಷೆ ದೊರೆಯುವುದಿಲ್ಲ, ಮತ್ತು ಸಿಡಿದ ರೆಸಿಸ್ಟರ್ ತನ್ನ ಬಣ್ಣದ ಪಟ್ಟಿಗಳ ಸಮೇತ ಕರಿಯಾಗಿರುತ್ತದೆ. ಅಂದಾಜಿನ ಮೇಲೆ ಒಂದು ಮೌಲ್ಯವನ್ನು ಹಾಕಿ ನೋಡಿದರೆ ಹೊಸ ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಕೂಡ ಸುಟ್ಟುಹೋಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದನ್ನು ಮತ್ತೆ ತರಿಸಿಕೊಳ್ಳುವವರೆಗೆ ಕೆಲಸ ನಿಲ್ಲುತ್ತದೆ. ಆದರೆ ಸುಟ್ಟ ಭಾಗವು ಮಾಡುತ್ತಿದ್ದ ಕೆಲಸವನ್ನು ಅದರ ಸುತ್ತ ಉಳಿದಿರುವ ಭಾಗಗಳು ಸ್ಪಷ್ಟವಾಗಿ ಹೇಳುತ್ತವೆ. ಆ ಕೆಲಸದಿಂದ ಮೌಲ್ಯವನ್ನು ಲೆಕ್ಕಹಾಕಬಹುದು.

ಮೊದಲು ಜೀವದ ಮಾತು. 230 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ ಮುಖ್ಯ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತದೆ, ಮತ್ತು ಬೋರ್ಡ್ ಕೆಟ್ಟು ನಿಂತಿದ್ದಾಗ ಅದನ್ನು ಖಾಲಿ ಮಾಡುವ ಹೊರೆ ಇಲ್ಲದ ಕಾರಣ ಪ್ಲಗ್ ತೆಗೆದ ಬಹಳ ಹೊತ್ತಿನ ನಂತರವೂ ಅದು ಅಲ್ಲೇ ಇರಬಹುದು. 2.2 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರಿನ ಮೂಲಕ ಅದನ್ನು ಖಾಲಿಮಾಡಿ, ಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಅಳೆಯುವ ಮೊದಲು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸುವುದನ್ನು ನಮ್ಮ ಊರಿನಲ್ಲಿ ಎಂದೂ ಮರೆಯಬಾರದು. ಮಳೆಗಾಲದ ತೇವವನ್ನು ಹೀರಿದ ಧೂಳು ಎರಡು ಟ್ರ್ಯಾಕ್‌ಗಳ ನಡುವೆ ತಾನೇ ಒಂದು ರೆಸಿಸ್ಟರಿನಂತೆ ವರ್ತಿಸುವುದರಿಂದ, ಸ್ಟಾರ್ಟ್‌ಅಪ್ ಸಾಲಿನ 470 ಕಿಲೋ ಓಮಿನಂತಹ ದೊಡ್ಡ ಮೌಲ್ಯಗಳು ಕಡಿಮೆಯಾಗಿ ಕಾಣಿಸುತ್ತವೆ. ಬೋರ್ಡಿನಲ್ಲೇ ಇಟ್ಟು ಅಳೆದಾಗ ಪಕ್ಕದ ದಾರಿಗಳೂ ಸೇರಿಕೊಳ್ಳುವುದರಿಂದ ಮೀಟರಿನ ಓದು ನಿಜ ಮೌಲ್ಯಕ್ಕಿಂತ ಕಡಿಮೆ ಬರುವುದು ಸಹಜ. ಹತ್ತಿರದ ಕೆಪಾಸಿಟರ್‌ಗಳು ಖಾಲಿಯಾಗಿದ್ದು ಓದು ಸ್ಥಿರವಾಗಿ ನಿಂತ ಮೇಲೂ ಅದು ಮುದ್ರಿತ ಮೌಲ್ಯಕ್ಕಿಂತ ಹೆಚ್ಚು ಬಂದರೆ ಆ ರೆಸಿಸ್ಟರ್ ಕೆಟ್ಟಿದೆ ಎಂದೇ ತಿಳಿಯಬಹುದು.

ಕರಕಲಾದ ರೆಸಿಸ್ಟರನ್ನು ಕೂಡಲೇ ಎಸೆಯಬೇಡಿ. ಶಾಖಕ್ಕೆ ಕೆಂಪು ಪಟ್ಟಿ ಕಂದಾಗುವುದುಂಟು, ಆದ್ದರಿಂದ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ಫಿಲ್ಮ್ ಅಥವಾ ತಂತಿ ಸುತ್ತಿದ ರೆಸಿಸ್ಟರ್ ಒಂದೇ ಜಾಗದಲ್ಲಿ ತುಂಡಾಗಿದ್ದರೆ, ಮೇಲಿನ ಬಣ್ಣವನ್ನು ಮೆಲ್ಲನೆ ಕೆರೆದು, ಒಂದೊಂದು ತುದಿಯಿಂದ ತುಂಡಾದ ಜಾಗದವರೆಗೆ ಅಳೆದು, ಎರಡನ್ನೂ ಕೂಡಿಸಿದರೆ ಮೂಲ ಮೌಲ್ಯದ ಹತ್ತಿರಕ್ಕೆ ಬರಬಹುದು. ಅದೇ ತೋಟದಲ್ಲಿ ಅದೇ ಮಾದರಿಯ ಇನ್ನೊಂದು ಸಪ್ಲೈ ಇದೆಯೇ ಎಂದು ಕೇಳುವುದು ಇದೆಲ್ಲಕ್ಕಿಂತ ಒಳ್ಳೆಯ ಉಪಾಯ.

ಗುರುತುಗಳು ಉಳಿದಿದ್ದರೆ ಓದುವುದು ಸುಲಭ. ಚಿಕ್ಕ ಚಿಪ್ ರೆಸಿಸ್ಟರಿನ ಮೇಲಿನ 103 ಎಂದರೆ 10 ಕಿಲೋ ಓಮ್, ಆರ್22 ಎಂದರೆ 0.22 ಓಮ್, 01ಸಿ ಎಂದರೆ ಕೂಡ 10 ಕಿಲೋ ಓಮ್. ಮಿತಿಮೀರಿದ ವೋಲ್ಟೇಜನ್ನು ತಡೆಯುವ, ಸಿಡಿಲಿಗೆ ಮೊದಲು ಬಲಿಯಾಗುವ ವೇರಿಸ್ಟರಿನ ಮೇಲಿನ 10ಡಿ471 ಎಂಬುದು 10 ಮಿಲಿಮೀಟರ್ ಬಿಲ್ಲೆ, 470 ವೋಲ್ಟ್ ಎಂದು ತಿಳಿಸುತ್ತದೆ. ಬಿಸಿಯಾದಂತೆ ಓಮ್ ಇಳಿಯುವ, ಕಪ್ಪು ಅಥವಾ ಹಸಿರು ಬಿಲ್ಲೆಯ ಎನ್‌ಟಿಸಿಯ ಮೇಲೆ 5ಡಿ-9 ಎಂದಿದ್ದರೆ ತಣ್ಣಗಿರುವಾಗ 5 ಓಮ್, ವ್ಯಾಸ 9 ಮಿಲಿಮೀಟರ್.

ಮಾಸ್ಫೆಟ್ ಶಾರ್ಟ್ ಆದಾಗ ಅದರ ಸೋರ್ಸ್ ಕಾಲಿನಿಂದ ಪ್ರೈಮರಿ (ಮೇನ್ಸ್ ಕಡೆಯ) ಗ್ರೌಂಡಿಗೆ ಹೋಗುವ, ಕರೆಂಟನ್ನು ಅಳೆಯಲು ಇರುವ ಕರೆಂಟ್ ಸೆನ್ಸ್ ರೆಸಿಸ್ಟರ್ ಬಹುತೇಕ ಅದರೊಂದಿಗೇ ಸುಡುತ್ತದೆ. ನಾನು ಅತಿ ಹೆಚ್ಚು ಬಾರಿ ಲೆಕ್ಕಹಾಕಬೇಕಾಗಿ ಬಂದದ್ದು ಇದನ್ನೇ. ಮಾಸ್ಫೆಟನ್ನು ನಿಯಂತ್ರಿಸುವ ಯುಸಿ3842 ಐಸಿ ಇರುವ 12 ವೋಲ್ಟ್, 5 ಆಂಪಿಯರಿನ ಸಿಸಿಟಿವಿ ಸಪ್ಲೈಯನ್ನು ತೆಗೆದುಕೊಳ್ಳೋಣ. ಹೊರಬರುವುದು 60 ವ್ಯಾಟ್. ದಕ್ಷತೆ ಶೇಕಡ 80 ಎಂದುಕೊಂಡರೆ ಒಳಹೋಗುವುದು 75 ವ್ಯಾಟ್. ಲೇಬಲ್ಲಿನಲ್ಲಿ ಕನಿಷ್ಠ 170 ವೋಲ್ಟ್ ಎಂದಿದ್ದರೆ, ಏರಿಳಿತವನ್ನು ಕಳೆದು ಕೆಪಾಸಿಟರಿನಲ್ಲಿ ಸುಮಾರು 200 ವೋಲ್ಟ್ ಡಿಸಿ ಉಳಿಯುತ್ತದೆ, ಆಗ ಸರಾಸರಿ ಕರೆಂಟ್ 0.375 ಆಂಪಿಯರ್. ಕರೆಂಟ್ ಪ್ರತಿ ಸುತ್ತಿನಲ್ಲಿ ಸೊನ್ನೆಯಿಂದ ತ್ರಿಕೋನವಾಗಿ ಏರುವುದರಿಂದ, ಡ್ಯೂಟಿ (ಪ್ರತಿ ಸುತ್ತಿನಲ್ಲಿ ಮಾಸ್ಫೆಟ್ ಆನ್ ಇರುವ ಪಾಲು) 0.45 ಇರುವಾಗ ಶಿಖರವು ಇದರ ದುಪ್ಪಟ್ಟನ್ನು 0.45ರಿಂದ ಭಾಗಿಸಿದಷ್ಟು, ಅಂದರೆ 1.67 ಆಂಪಿಯರ್ ಆಗುತ್ತದೆ. ಈ ಐಸಿಯ ಸೆನ್ಸ್ ಕಾಲು 1 ವೋಲ್ಟಿಗೆ ಪಲ್ಸನ್ನು ಕಡಿಯುವುದರಿಂದ ರೆಸಿಸ್ಟರ್ 0.6 ಓಮಿಗಿಂತ ಕಡಿಮೆ ಇರಲೇಬೇಕು, ಸ್ವಲ್ಪ ಅವಕಾಶ ಬಿಟ್ಟರೆ ಮಾರುಕಟ್ಟೆಯಲ್ಲಿ ಸಿಗುವ 0.47 ಓಮ್ ಸರಿಹೊಂದುತ್ತದೆ. ಅದೇ ಲೇಬಲ್ಲಿನಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟ್ ಬೇಕಾಗುವುದರಿಂದ ಮೌಲ್ಯ ಇದರ ಅರ್ಧದ ಸುತ್ತ ಇಳಿಯಬಹುದು. ಸಂದೇಹವಿದ್ದಾಗ ದೊಡ್ಡ ಓಮಿನಿಂದಲೇ ಆರಂಭಿಸಿ: ಮೌಲ್ಯ ಹೆಚ್ಚಾದರೆ ಪೂರ್ಣ ಹೊರೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ ಅಷ್ಟೆ, ಕಡಿಮೆಯಾದರೆ ಟ್ರಾನ್ಸ್‌ಫಾರ್ಮರಿನ ಕೋರ್ ಸ್ಯಾಚುರೇಟ್ ಆಗಿ ಮಾಸ್ಫೆಟ್ ಮತ್ತೆ ಸಿಡಿಯುತ್ತದೆ.

ಹೊರವೋಲ್ಟೇಜನ್ನು ನಿರ್ಧರಿಸುವ ಜೋಡಿ ರೆಸಿಸ್ಟರ್‌ಗಳ ಲೆಕ್ಕ ಇದಕ್ಕಿಂತ ನಿಖರ. ಹೊರವೋಲ್ಟೇಜನ್ನು ಗಮನಿಸುವ ಟಿಎಲ್431 ಐಸಿಯ ರೆಫರೆನ್ಸ್ ಕಾಲು 2.5 ವೋಲ್ಟಿನಲ್ಲಿ ನಿಲ್ಲುತ್ತದೆ. ಕೆಳಗಿನ ರೆಸಿಸ್ಟರ್ 2.7 ಕಿಲೋ ಓಮ್ ಉಳಿದಿದ್ದು, ಹೊರಗೆ 12 ವೋಲ್ಟ್ ಬೇಕಿದ್ದರೆ, ಮೇಲಿನದು ಅದರ 3.8 ಪಟ್ಟು, ಅಂದರೆ 10.26 ಕಿಲೋ ಓಮ್. 10 ಕಿಲೋ ಓಮ್ ಹಾಕಿದರೆ 11.76 ವೋಲ್ಟ್ ಬರುತ್ತದೆ, ಉಳಿದ ವ್ಯತ್ಯಾಸವನ್ನು ಪ್ರೀಸೆಟ್ ಇದ್ದರೆ ತಿರುಗಿಸಿ ಸರಿಪಡಿಸಬಹುದು. ಮೇಲಿನ ರೆಸಿಸ್ಟರ್ ಓಪನ್ ಆಗಿದ್ದರೆ ಹೊರವೋಲ್ಟೇಜ್ ಹದ್ದುಮೀರಿ ಏರಿ ಔಟ್‌ಪುಟ್ ಕೆಪಾಸಿಟರ್‌ಗಳು ಉಬ್ಬುತ್ತವೆ, ಆದ್ದರಿಂದ ಉಬ್ಬಿದ ಕೆಪಾಸಿಟರ್ ಕಂಡಾಗ ಅದನ್ನು ಮಾತ್ರ ಬದಲಿಸಿ ನಿಲ್ಲಿಸಬಾರದು.

ಕಂದು ಬಣ್ಣದ ಚಿಪ್ ಕೆಪಾಸಿಟರಿನ ಮೇಲೆ ಯಾವ ಗುರುತೂ ಇರುವುದಿಲ್ಲ. ಅದು 3842ರ ಆವರ್ತನ ನಿರ್ಧರಿಸುವ 4ನೇ ಕಾಲಿಗೆ ಸೇರಿದ್ದರೆ, ಆವರ್ತನವು 1.72ನ್ನು ರೆಸಿಸ್ಟರ್ ಮತ್ತು ಕೆಪಾಸಿಟರಿನ ಗುಣಲಬ್ಧದಿಂದ ಭಾಗಿಸಿದಷ್ಟು ಎಂಬ ಸೂತ್ರ ನೆರವಾಗುತ್ತದೆ: ಪಕ್ಕದ ರೆಸಿಸ್ಟರ್ 10 ಕಿಲೋ ಓಮ್ ಇದ್ದರೆ 3.3 ನ್ಯಾನೋಫ್ಯಾರಡ್ ಸುಮಾರು 52 ಕಿಲೋಹರ್ಟ್ಸ್ ಕೊಡುತ್ತದೆ, ಇಂತಹ ಸಪ್ಲೈಗಳಿಗೆ ಅದು ಒಪ್ಪುವ ಸಂಖ್ಯೆ. ಗುರುತು ಅಳಿಸಿದ, ಆದರೆ ಜೀವಂತವಿರುವ ಝೀನರನ್ನು (ನಿಗದಿತ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಡಯೋಡ್) ಹೊರತೆಗೆದು, 30 ವೋಲ್ಟಿನ ಸಪ್ಲೈಗೆ 4.7 ಕಿಲೋ ಓಮಿನ ಮೂಲಕ ಹಿಮ್ಮುಖವಾಗಿ ಜೋಡಿಸಿ ಅದರ ಮೇಲಿನ ವೋಲ್ಟೇಜ್ ಓದಿದರೆ ಸಾಕು.

ಲೆಕ್ಕ ಎಷ್ಟೇ ಸರಿಯಿದ್ದರೂ ಬಿಡಿಭಾಗದ ಬಗೆಯನ್ನು ಬದಲಿಸಬಾರದು. ಹೆಚ್ಚು ಕರೆಂಟಿಗೆ ಫ್ಯೂಸಿನಂತೆ ಕಡಿದುಕೊಳ್ಳುವ ಫ್ಯೂಸಿಬಲ್ ರೆಸಿಸ್ಟರಿನ ಜಾಗಕ್ಕೆ ಫ್ಯೂಸಿಬಲ್ಲೇ ಬರಬೇಕು, ಮತ್ತು ಪ್ರೈಮರಿ ಮತ್ತು ಸೆಕೆಂಡರಿ (ಔಟ್‌ಪುಟ್ ಕಡೆ) ನಡುವಿನ, ಸುರಕ್ಷತೆಗಾಗಿ ತಯಾರಿಸಿದ ನೀಲಿ ವೈ ಕೆಪಾಸಿಟರಿನ ಬದಲು ಸಾಮಾನ್ಯ ಬಿಲ್ಲೆಯನ್ನು ಹಾಕಿದರೆ, ಅದು ಶಾರ್ಟ್ ಆದ ದಿನ ಒದ್ದೆ ನೆಲದ ಮೇಲೆ ನಿಂತು ಕ್ಯಾಮೆರಾದ ತಂತಿ ಮುಟ್ಟಿದವರಿಗೆ ಮೇನ್ಸ್ ಹೊಡೆಯುತ್ತದೆ.

ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ, ಹೊರಗೆ ಚಿಕ್ಕ ಹೊರೆಯೊಂದನ್ನು ಇಟ್ಟು, ಮೀಟರನ್ನು ಔಟ್‌ಪುಟ್ಟಿನಲ್ಲೇ ಬಿಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಮುಂದುವರಿಯಬಹುದು, ಪೂರ್ತಿ ಬೆಳಗುತ್ತ ನಿಂತರೆ ಎಲ್ಲೋ ಶಾರ್ಟ್ ಉಳಿದಿದೆ. ಎಲ್ಲವೂ ಸರಿಬಂದ ಮೇಲೆ, ಕಂಡುಕೊಂಡ ಮೌಲ್ಯಗಳನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ ಸ್ಕ್ರೂ ಬಿಗಿಯಿರಿ.