ಟ್ಯಾರೋ ಚಿತ್ರಕಲೆ: ಹಂಚಿಕೊಳ್ಳುವುದು ಹೇಗೆ, ನೋಡುವುದು ಹೇಗೆ

ಟ್ಯಾರೋ ಎಂದರೆ ಭವಿಷ್ಯ ನೋಡಲು ಬಳಸುವ ಚಿತ್ರದ ಕಾರ್ಡುಗಳು. ಅದರ ಪೂರ್ಣ ಡೆಕ್ (ಕಟ್ಟು) ಒಂದರಲ್ಲಿ 78 ಕಾರ್ಡ್‌ಗಳಿರುತ್ತವೆ: ಒಂದೊಂದಕ್ಕೂ ತನ್ನದೇ ಹೆಸರಿರುವ ಮೇಜರ್ ಆರ್ಕಾನಾದ 22 ಮತ್ತು ಇಸ್ಪೀಟಿನಂತೆ ನಾಲ್ಕು ಗುಂಪುಗಳಿರುವ ಮೈನರ್ ಆರ್ಕಾನಾದ 56. ಅಷ್ಟನ್ನೂ ಒಂದೇ ಬಾರಿಗೆ ಆನ್‌ಲೈನ್‌ನಲ್ಲಿ ಸಾಲಾಗಿ ಹಾಕಿದರೆ ನೋಡುವವರು ಸರಸರನೆ ಮುಂದೆ ಸರಿಯುತ್ತಾರೆಯೇ ಹೊರತು ಯಾವ ಚಿತ್ರದ ಮುಂದೆಯೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಕೆಲಸ ಆಯ್ಕೆ. ನಾಲ್ಕೈದು ಕಾರ್ಡ್‌ಗಳು ಸಾಕು. ಸೂರ್ಯ, ಚಂದ್ರ, ಸಾವು ಮೊದಲಾದ ಪರಿಚಿತ ಕಾರ್ಡ್‌ಗಳಲ್ಲಿ ಯಾವ ಕಲಾವಿದರೂ ಹೇಗೋ ಸೊಗಸು ತರಬಲ್ಲರು. ಅವರ ಕಲ್ಪನೆಯ ನಿಜವಾದ ಪರೀಕ್ಷೆ ನಡೆಯುವುದು ಮೈನರ್ ಆರ್ಕಾನಾದ ಸಂಖ್ಯೆಯ ಕಾರ್ಡ್‌ಗಳಲ್ಲಿ. ಹಾಗಾಗಿ ನಿಮ್ಮ ಆಯ್ಕೆಯಲ್ಲಿ ಅಂಥ ಎರಡಾದರೂ ಇರಲಿ, ಜೊತೆಗೆ ಕಾರ್ಡಿನ ಹಿಂಬದಿಯ ವಿನ್ಯಾಸವೂ ಇರಲಿ.

ಛಾಯಾಚಿತ್ರ ತೆಗೆಯಲು ಕಿಟಕಿಯ ಬಳಿಯ ಮೃದುವಾದ ಹಗಲು ಬೆಳಕೇ ಉತ್ತಮ. ಹೊಳಪಿನ ಲ್ಯಾಮಿನೇಷನ್ ಅಥವಾ ಚಿನ್ನದ ಬಣ್ಣದ ಫಾಯಿಲ್ ಇರುವ ಕಾರ್ಡ್‌ಗಳ ಮೇಲೆ ಫ್ಲ್ಯಾಶ್ ಬಿದ್ದರೆ ಚಿತ್ರದ ಜಾಗದಲ್ಲಿ ಬಿಳಿಯ ಕಲೆಯಷ್ಟೇ ಉಳಿಯುತ್ತದೆ. ಫೋನನ್ನು ತೀರಾ ಹತ್ತಿರ ಹಿಡಿದರೆ ಅಂಚುಗಳು ಬಾಗಿದಂತೆ ಕಾಣುವುದರಿಂದ, ತುಸು ದೂರದಿಂದ ಜೂಮ್ ಮಾಡಿ, ಕಾರ್ಡಿಗೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ಫಿಲ್ಟರ್ ಮಾತ್ರ ಬೇಡವೇ ಬೇಡ: ಬಣ್ಣವನ್ನು ಆಯ್ದವರು ಕಲಾವಿದರು, ಅದನ್ನು ತಿದ್ದುವ ಕೆಲಸ ನಮ್ಮದಲ್ಲ.

ಚಿತ್ರದ ಜೊತೆಗೆ ಡೆಕ್‌ನ ಹೆಸರು, ಕಲಾವಿದರ ಹೆಸರು, ಪ್ರಕಾಶಕರು ಮತ್ತು ಯಾವ ಮುದ್ರಣ ಎಂಬ ನಾಲ್ಕು ವಿವರಗಳನ್ನು ತಪ್ಪದೆ ಬರೆಯಬೇಕು. ಕಲಾವಿದರ ಹೆಸರಿನ ವಿಷಯದಲ್ಲಿ ಇಷ್ಟು ಒತ್ತಾಯಿಸಲು ಕಾರಣವಿದೆ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ನಂತರದ ಅಸಂಖ್ಯ ಡೆಕ್‌ಗಳಿಗೆ ಮಾದರಿಯಾದ ಡೆಕ್‌ನ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆದರೆ ಅದು ದಶಕಗಳ ಕಾಲ ಪ್ರಕಾಶಕರಾದ ರೈಡರ್ ಮತ್ತು ಯೋಜನೆಯನ್ನು ರೂಪಿಸಿದ ವೇಟ್ ಇವರಿಬ್ಬರ ಹೆಸರಿನಲ್ಲಿಯೇ ಪ್ರಸಿದ್ಧವಾಗಿತ್ತು. ಆಕೆಯ ಸಹಿ ಕಾರ್ಡ್‌ಗಳ ಮೂಲೆಯಲ್ಲಿ, ಹೆಣೆದುಕೊಂಡ ಅಕ್ಷರಗಳ ರೂಪದಲ್ಲಿ ಇಂದಿಗೂ ಕಾಣುತ್ತದೆ. ಅಂಚನ್ನು ಕತ್ತರಿಸಿ ಚಿತ್ರ ಹಾಕುವವರು ಮೊದಲು ಅಳಿಸಿಹಾಕುವುದು ಇಂಥ ಸಹಿಯನ್ನೇ.

ಇನ್ನು ಆಸ್ವಾದನೆಯ ಮಾತು. ‘ಅದ್ಭುತ’, ‘ತುಂಬಾ ಚೆನ್ನಾಗಿದೆ’ ಎಂಬ ಪ್ರತಿಕ್ರಿಯೆಗಳಿಂದ ಯಾರಿಗೂ ಬೇಸರವಿಲ್ಲ, ಆದರೆ ಅವುಗಳಿಂದ ಚಿತ್ರ ಇನ್ನಷ್ಟು ತೆರೆದುಕೊಳ್ಳುವುದೂ ಇಲ್ಲ. ಕಾರ್ಡಿನ ಅರ್ಥವನ್ನು ಕೈಪಿಡಿಯಲ್ಲಿ ಹುಡುಕುವ ಮೊದಲು ಚಿತ್ರವನ್ನೇ ನೋಡಿ: ಆಕೃತಿಯ ದೃಷ್ಟಿ ಯಾವ ಕಡೆಗಿದೆ, ಹಿನ್ನೆಲೆಯ ದಿಗಂತ ಎಷ್ಟು ಎತ್ತರದಲ್ಲಿದೆ, ಒಂದು ಕಾರ್ಡಿನ ಬಣ್ಣ ಬೇರೆ ಯಾವ ಕಾರ್ಡಿನಲ್ಲಿ ಮರಳಿ ಬರುತ್ತದೆ ಎಂಬುದನ್ನು ಗಮನಿಸಿ. ಇವುಗಳಲ್ಲಿ ಒಂದನ್ನು ಎರಡು ವಾಕ್ಯಗಳಲ್ಲಿ ಬರೆದರೂ ಅದು ಪೂರ್ಣ ಪ್ರತಿಕ್ರಿಯೆ.

ನನ್ನ ದೃಷ್ಟಿಯಲ್ಲಿ ಹೋಲಿಕೆಯಷ್ಟು ಫಲ ಕೊಡುವ ಅಭ್ಯಾಸ ಇನ್ನೊಂದಿಲ್ಲ. ‘ತ್ರೀ ಆಫ್ ಸ್ವೋರ್ಡ್ಸ್’ ಕಾರ್ಡನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಮಾರ್ಸೇ ಮಾದರಿಯ ಹಳೆಯ ಡೆಕ್‌ಗಳಲ್ಲಿ ಅದು ಮೂರು ಖಡ್ಗಗಳ ಅಲಂಕಾರಿಕ ಜೋಡಣೆ ಮಾತ್ರ. ಅಲ್ಲಿ ಮನುಷ್ಯರಿಲ್ಲ, ಕಥೆಯಿಲ್ಲ. ಇಟಲಿಯಲ್ಲಿ 15ನೇ ಶತಮಾನದ ಕೊನೆಯಲ್ಲಿ ರೂಪುಗೊಂಡು ಈಗ ಮಿಲಾನ್‌ನ ಬ್ರೇರಾ ಕಲಾ ಸಂಗ್ರಹಾಲಯದಲ್ಲಿರುವ ಸೋಲಾ ಬುಸ್ಕಾ ಡೆಕ್‌ನಲ್ಲಿ ಅದೇ ಮೂರು ಖಡ್ಗಗಳು ಒಂದು ಹೃದಯವನ್ನು ಚುಚ್ಚಿವೆ. ಆ ಡೆಕ್‌ನ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಎರಡು ವರ್ಷಗಳ ನಂತರ ಬಂದ ಸ್ಮಿತ್ ಅವರ ಕಾರ್ಡಿನಲ್ಲಿಯೂ ಚುಚ್ಚಿದ ಹೃದಯವೇ ಇದೆ, ಅದರ ಹಿಂದೆ ಮೋಡ ಮತ್ತು ಮಳೆ ಸೇರಿಕೊಂಡಿವೆ. ಈ ಮೂರನ್ನು ಅಕ್ಕಪಕ್ಕದಲ್ಲಿಟ್ಟು ಹಂಚಿಕೊಂಡರೆ, ನಿಮ್ಮ ಕೈಯಲ್ಲಿರುವ ಹೊಸ ಡೆಕ್‌ನ ಕಲಾವಿದರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ.

ಹಕ್ಕುಗಳ ವಿಷಯದಲ್ಲಿ ಎಚ್ಚರ ಅಗತ್ಯ. ಸ್ಮಿತ್ 1951ರಲ್ಲಿ ತೀರಿಕೊಂಡದ್ದರಿಂದ, ಮರಣಾನಂತರ 70 ವರ್ಷಗಳವರೆಗೆ ಹಕ್ಕು ಉಳಿಯುವ ಬ್ರಿಟನ್ನಿನಲ್ಲಿ ಆಕೆಯ ಮೂಲ ಚಿತ್ರಗಳು 2022ರ ಆರಂಭದಿಂದ ಮುಕ್ತವಾಗಿವೆ. ಆದರೆ ಅವುಗಳಿಗೆ ನಂತರದವರು ಹೊಸದಾಗಿ ಬಣ್ಣ ತುಂಬಿದ ಆವೃತ್ತಿಗಳ ಮಾತು ಬೇರೆಯಾಗಬಹುದು. ಇಂದಿನ ಸ್ವತಂತ್ರ ಕಲಾವಿದರ ಡೆಕ್‌ಗಳನ್ನಂತೂ ಸ್ಕ್ಯಾನ್ ಮಾಡಿ ಪೂರ್ಣವಾಗಿ ಹಂಚಲೇಬಾರದು, ಏಕೆಂದರೆ ನಕಲಿ ಡೆಕ್ ಮುದ್ರಿಸುವವರಿಗೆ ಬೇಕಾದದ್ದು ಅಂಥ ಸ್ಪಷ್ಟ ಕಡತಗಳೇ. ಕೆಲವೇ ಕಾರ್ಡ್‌ಗಳನ್ನು, ಕಡಿಮೆ ರೆಸಲ್ಯೂಷನ್‌ನಲ್ಲಿ, ಮೇಜು ಅಥವಾ ಬಟ್ಟೆಯ ಮೇಲಿಟ್ಟು ತೆಗೆದ ಚಿತ್ರಗಳನ್ನು ಹಾಕಿ. ಮುದ್ರಿತ ಕೈಪಿಡಿಯ ಬದಲು ಕ್ಯೂಆರ್ ಕೋಡ್ ಮಾತ್ರ ಇರುವ, ಅನುಮಾನ ಬರುವಷ್ಟು ಅಗ್ಗದ ಡೆಕ್ ಯಾರಾದರೂ ತೋರಿಸಿದರೆ ಅವರನ್ನು ಗೇಲಿ ಮಾಡದೆ, ಅದು ನಕಲಿಯಿರಬಹುದೆಂದು ಹೇಳಿ ಕಲಾವಿದರ ಸ್ವಂತ ಮಾರಾಟದ ತಾಣವನ್ನು ಸೂಚಿಸಿ.

ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರವಾದರೆ ಅದನ್ನು ಮೊದಲ ಸಾಲಿನಲ್ಲಿಯೇ ತಿಳಿಸುವುದು ಮರ್ಯಾದೆ. ಕಣ್ಣು ಕಾಣದವರೂ ಈ ಹವ್ಯಾಸದಲ್ಲಿ ಪಾಲ್ಗೊಳ್ಳುವಂತೆ ಪ್ರತಿ ಚಿತ್ರಕ್ಕೂ ಒಂದು ಸಣ್ಣ ವಿವರಣೆ ಸೇರಿಸಿ. ಅದನ್ನು ಬರೆಯಲು ಕುಳಿತಾಗ, ಅದುವರೆಗೆ ನೀವೇ ನೋಡದಿದ್ದ ಒಂದೆರಡು ವಿವರಗಳೂ ಕಣ್ಣಿಗೆ ಬೀಳುತ್ತವೆ.